ಶೇಕಡಾ ಮೂರು ಇದ್ದದ್ದು ಸೊನ್ನೆ ಆಗಿದ್ದು ಹೇಗೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. 2025ರ ಫೆಬ್ರವರಿಯಲ್ಲಿ, 2032ಕ್ಕೆ ಭೂಮಿಗೆ ಕ್ಷುದ್ರಗ್ರಹ ಅಪ್ಪಳಿಸಬಹುದು, ಭಾರತವೂ ಪಟ್ಟಿಯಲ್ಲಿದೆ ಎಂದು ಟಿವಿಯಲ್ಲಿ ಬಂತು. ಮೊದಲು ಶೇ. 1 ಅಂದರು. ಆಮೇಲೆ 2, ಆಮೇಲೆ 3. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಏನೂ ಇಲ್ಲ ಅಂದುಬಿಟ್ಟರು. ನಮ್ಮೂರಿನ ಜನ ‘ಮುಚ್ಚಿಟ್ಟರು’ ಅಂತಲೇ ನಂಬಿದ್ದಾರೆ. ಈಗ 2029ಕ್ಕೆ ಬರಲಿರುವ ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹದ ವಿಡಿಯೊಗಳು ವಾಟ್ಸಾಪಿನಲ್ಲಿ ಓಡಾಡುತ್ತಿವೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, ‘ಲಿಂಗನಮಕ್ಕಿ ಡ್ಯಾಮಿಗೆ ಬಿದ್ದರೆ ನಮ್ಮೂರು ಉಳಿಯತ್ತಾ ಮಿಸ್?’ ಎಂದು ಕೇಳಿದಳು. ಇನ್ನೊಬ್ಬ ಹುಡುಗ ತೋಟದಲ್ಲಿ ಸಿಕ್ಕ ಕರಿ ಕಲ್ಲು ತಂದು ಇದು ಉಲ್ಕೆ ಎನ್ನುತ್ತಾನೆ. ಇವರಿಗೆಲ್ಲ ಏನು ಹೇಳಲಿ? ಶಾಲೆಯಲ್ಲೇ ಏನಾದರೂ ಮಾಡಿಸಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಎಲ್ಲದರ ಬುಡದಲ್ಲಿ ಇರುವ ಅನುಮಾನ ಒಂದೇ. ಅಪಾಯದ ಅಂಕಿ ದಿನ ದಿನ ಏರಿ, ಆಮೇಲೆ ಒಮ್ಮೆಲೇ ಬಿದ್ದರೆ ಅದನ್ನು ನಂಬುವುದು ಹೇಗೆ? ಮೊದಲು ಲೆಕ್ಕ ತಪ್ಪಿತ್ತಾ, ಇಲ್ಲಾ ಆಮೇಲೆ ಸುಳ್ಳು ಹೇಳಿದರಾ? ಎರಡೂ ಅಲ್ಲ. ಕ್ಷುದ್ರಗ್ರಹಗಳ ಕಕ್ಷೆ ಲೆಕ್ಕ ಹಾಕುವುದು ನನ್ನ ಕೆಲಸ. ಅಂಕಿ ಹೀಗೆ ಏರಿ ಇಳಿಯುವುದು ನಮ್ಮಲ್ಲಿ ಮಾಮೂಲು. ಆ ಸಲ ಅದು ಟಿವಿ ಕ್ಯಾಮೆರಾ ಮುಂದೆ ನಡೆಯಿತು, ಅಷ್ಟೇ. ಅದಕ್ಕೇ ಈ ಒಂದು ವಿಷಯಕ್ಕೆ ಜಾಸ್ತಿ ಜಾಗ ಕೊಡುತ್ತೇನೆ.

ನಡೆದದ್ದು ಇಷ್ಟು. 2024ರ ಡಿಸೆಂಬರ್ 27ರಂದು ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಒಂದು ಹೊಸ ಚುಕ್ಕಿ ಕಂಡಿತು. ಅದಕ್ಕೆ 2024 ವೈಆರ್4 ಎಂದು ಹೆಸರಾಯಿತು. ಕಾಣುವ ಹೊತ್ತಿಗೆ ಅದು ನಮ್ಮನ್ನು ದಾಟಿ ಎರಡು ದಿನವಾಗಿತ್ತು. ಡಿಸೆಂಬರ್ 25ರಂದು ಸುಮಾರು 8.3 ಲಕ್ಷ ಕಿ.ಮೀ. ದೂರದಲ್ಲಿ ಹಾದು ಹೋಗಿತ್ತು. ಚಂದ್ರ ಇರುವುದು ಸರಾಸರಿ 3.84 ಲಕ್ಷ ಕಿ.ಮೀ. ದೂರದಲ್ಲಿ. ಅಂದರೆ ಚಂದ್ರನ ದೂರದ ಎರಡು ಪಟ್ಟಿಗಿಂತ ಆಚೆ. ಜನವರಿ ಕೊನೆಗೆ, ಅದು 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಶೇ. 1 ದಾಟಿತು. ಫೆಬ್ರವರಿ 18ಕ್ಕೆ ಶೇ. 3.1 ಆಯಿತು. ಮಾರನೇ ದಿನ 1.5. ಅದರ ಮಾರನೇ ದಿನ 0.3ರ ಆಸುಪಾಸು. ಫೆಬ್ರವರಿ 24ಕ್ಕೆ ಬರೀ 0.004.

ಈಗ ಈ ಅಂಕಿ ಎಲ್ಲಿಂದ ಬರುತ್ತದೆ ನೋಡೋಣ. ಒಂದೇ ಜಾಗದ ಆಕಾಶವನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ಸಲ ಫೋಟೊ ತೆಗೆಯುತ್ತಾರೆ. ನಾಲ್ಕನ್ನೂ ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ಓಡಿಸಿದರೆ ನಕ್ಷತ್ರಗಳೆಲ್ಲ ಕದಲದೆ ನಿಂತಿರುತ್ತವೆ. ಕ್ಷುದ್ರಗ್ರಹ ಮಾತ್ರ ಒಂದೊಂದು ಹೆಜ್ಜೆ ಸರಿಯುತ್ತದೆ. ಅದು ದೊಡ್ಡ ಬಂಡೆಯ ಹಾಗೇನೂ ಕಾಣುವುದಿಲ್ಲ. ನಾಲ್ಕೈದು ಪಿಕ್ಸೆಲ್‌ನಷ್ಟು ಮಸುಕು ಬೆಳಕು. ಪಕ್ಕದಲ್ಲೇ ಕ್ಯಾಮೆರಾದ ದೋಷದಿಂದ ಬಂದ ಚುಕ್ಕಿಗಳೂ ಇರುತ್ತವೆ. ಗಯಾ ಉಪಗ್ರಹ ಅಳೆದುಕೊಟ್ಟ ನಕ್ಷತ್ರಗಳ ಸ್ಥಾನಕ್ಕೆ ಹೋಲಿಸಿ ಆ ಮಸುಕಿನ ನಡುಭಾಗ ಎಲ್ಲಿದೆ ಎಂದು ಗುರುತು ಹಾಕುತ್ತೇವೆ.

ಇಷ್ಟರಿಂದ ಅದು ಯಾವ ದಿಕ್ಕಿನಲ್ಲಿದೆ ಎಂದು ತಿಳಿಯುತ್ತದೆ. ಎಷ್ಟು ದೂರದಲ್ಲಿದೆ ಎಂದು ಫೋಟೊ ಹೇಳುವುದಿಲ್ಲ. ವಾರಗಟ್ಟಲೆ ನೋಡಿ, ಅದು ಎಷ್ಟು ಬಾಗಿ ಹೋಗುತ್ತಿದೆ ಎಂದು ಗಮನಿಸಿದ ಮೇಲೆಯೇ ಕಕ್ಷೆ ಹಿಡಿತಕ್ಕೆ ಬರುತ್ತದೆ. ಕೆಲವೇ ವಾರಗಳ ನೋಟ ಇಟ್ಟುಕೊಂಡು ಎಂಟು ವರ್ಷ ಮುಂದಕ್ಕೆ ಲೆಕ್ಕ ಎಳೆದರೆ ಇವತ್ತಿನ ಸಣ್ಣ ತಪ್ಪು ಅಲ್ಲಿಗೆ ಹೋಗುವಷ್ಟರಲ್ಲಿ ಲಕ್ಷಾಂತರ ಕಿ.ಮೀ. ಆಗಿರುತ್ತದೆ. ಹಾಗಾಗಿ 2032ರ ಆ ದಿನಕ್ಕೆ ನಮ್ಮ ಲೆಕ್ಕದಲ್ಲಿ ಕಲ್ಲು ಒಂದು ಬಿಂದುವಿನಲ್ಲಿ ಇರಲಿಲ್ಲ. ಬಾಹ್ಯಾಕಾಶದಲ್ಲಿ ಒಂದು ಉದ್ದ ಪಟ್ಟಿ ಇತ್ತು. ಕಲ್ಲು ಅದರೊಳಗೆ ಎಲ್ಲಾದರೂ ಇರಬಹುದಿತ್ತು. ಆ ಪಟ್ಟಿಯ ನಡುವೆ ಎಲ್ಲೋ ಒಂದು ಕಡೆ ಭೂಮಿಯೂ ಇತ್ತು.

ಇದನ್ನು ಮಕ್ಕಳಿಗೆ ಹೀಗೆ ಹೇಳಿ. ಮೇಯಲು ಬಿಟ್ಟ ಹಸು ಸಂಜೆ ಕೊಟ್ಟಿಗೆಗೆ ಬಂದಿಲ್ಲ. ನೂರು ಎಕರೆ ಗುಡ್ಡದಲ್ಲಿ ಎಲ್ಲೋ ಇದೆ. ಆ ನೂರರಲ್ಲಿ ಒಂದು ಎಕರೆ ಪಕ್ಕದ ಮನೆಯವರ ಹೊಸ ಅಡಿಕೆ ಸಸಿ ತೋಟ. ಹಸು ಅದೇ ತೋಟಕ್ಕೆ ನುಗ್ಗಿರುವ ಸಾಧ್ಯತೆ ನೂರಕ್ಕೆ ಒಂದು. ಅಷ್ಟರಲ್ಲಿ ಯಾರೋ ಬಂದು, ಮೇಲಿನ ಎಪ್ಪತ್ತು ಎಕರೆ ಹುಡುಕಿದೆವು, ಅಲ್ಲಿಲ್ಲ ಎನ್ನುತ್ತಾರೆ. ಉಳಿದದ್ದು ಮೂವತ್ತು ಎಕರೆ. ತೋಟ ಇನ್ನೂ ಅದರೊಳಗೇ ಇದೆ. ಈಗ ಸಾಧ್ಯತೆ ಮೂವತ್ತಕ್ಕೆ ಒಂದು, ಅಂದರೆ ಶೇ. 3ಕ್ಕಿಂತ ಸ್ವಲ್ಪ ಜಾಸ್ತಿ. ಪಕ್ಕದ ಮನೆಯವರ ಎದೆ ಹೊಡೆದುಕೊಳ್ಳುತ್ತದೆ. ಆದರೆ ಹಸು ತೋಟದ ಕಡೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಹುಡುಕುವ ಜಾಗ ಕಿರಿದಾಯಿತು ಅಷ್ಟೇ. ಆಮೇಲೆ ಇನ್ನೊಬ್ಬ ಬಂದು, ಹಳ್ಳದ ಹತ್ತಿರದ ಐದೆಕರೆಯಲ್ಲೇ ಗಂಟೆ ಸದ್ದು ಕೇಳಿತು ಎನ್ನುತ್ತಾನೆ. ತೋಟ ಆ ಐದೆಕರೆಯಲ್ಲಿಲ್ಲ. ಸಾಧ್ಯತೆ ಸೊನ್ನೆ.

ವೈಆರ್4 ಕಥೆಯೂ ಇದೇ. ಭೂಮಿಯ ಅಗಲ ಸುಮಾರು 12,750 ಕಿ.ಮೀ. ಒರಟಾಗಿ ಲೆಕ್ಕ ಹಾಕಿದರೆ, ಸಾಧ್ಯತೆ ಶೇ. 3 ಎಂದಾಗ ಪಟ್ಟಿ ಇನ್ನೂ ನಾಲ್ಕು ಲಕ್ಷ ಕಿ.ಮೀ. ಆಸುಪಾಸಿನಲ್ಲಿತ್ತು. ಪ್ರತಿ ಹೊಸ ಅಳತೆಗೂ ಪಟ್ಟಿ ಮೊಟಕಾಗುತ್ತಾ ಬಂತು. ಭೂಮಿ ಅದರೊಳಗೆ ಇರುವಷ್ಟು ದಿನ ಅಂಕಿ ಏರಿತು. ಪಟ್ಟಿಯ ಅಂಚು ಭೂಮಿಯನ್ನು ದಾಟಿದ ದಿನ ಅಂಕಿ ಬಿತ್ತು. ನಡುವೆ ಫೆಬ್ರವರಿ 12ರ ಹುಣ್ಣಿಮೆ ಬೇರೆ ಬಂತು. ಬೆಳದಿಂಗಳಲ್ಲಿ ಅಷ್ಟು ಮಂಕಾದ ಚುಕ್ಕಿ ಹಿಡಿಯಲು ಆಗುವುದಿಲ್ಲ. ಆ ಕೆಲವು ದಿನ ಹೊಸ ಅಳತೆ ಕಡಿಮೆ, ಟಿವಿ ಚರ್ಚೆ ಜಾಸ್ತಿ.

ಇದು ಮೊದಲ ಸಲವೂ ಅಲ್ಲ. 2004ರ ಡಿಸೆಂಬರಿನಲ್ಲಿ ಅಪೋಫಿಸ್ ವಿಷಯದಲ್ಲಿ ಅಂಕಿ ಶೇ. 2.7ಕ್ಕೆ ಹೋಗಿತ್ತು. ಆಮೇಲೆ ಅದೇ ವರ್ಷದ ಮಾರ್ಚಿನಲ್ಲಿ ತೆಗೆದಿದ್ದ ಹಳೇ ಚಿತ್ರಗಳಲ್ಲಿ ಅದೇ ಚುಕ್ಕಿ ಸಿಕ್ಕಿತು. ಒಮ್ಮೆಲೇ ಒಂಬತ್ತು ತಿಂಗಳ ದಾರಿ ಗೊತ್ತಾದಂತಾಯಿತು. 2029ರ ಡಿಕ್ಕಿ ಅಲ್ಲಿಗೇ ತಳ್ಳಿಹೋಯಿತು.

ಇನ್ನು ಮುಚ್ಚಿಡುವ ವಿಷಯ. ಜಗತ್ತಿನ ಯಾವ ಮೂಲೆಯಲ್ಲಿ ಅಳತೆ ಮಾಡಿದರೂ ಅದು ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್‌ಗೆ ಹೋಗುತ್ತದೆ. ಅಲ್ಲಿಂದ ಯಾರು ಬೇಕಾದರೂ ತೆಗೆದುಕೊಂಡು ಲೆಕ್ಕ ಹಾಕಬಹುದು. ಡಿಕ್ಕಿಯ ಸಾಧ್ಯತೆಯನ್ನು ನಾಸಾದವರು ಒಂದು ಕಡೆ, ಯುರೋಪಿನ ಬಾಹ್ಯಾಕಾಶ ಸಂಸ್ಥೆಯವರು ಇನ್ನೊಂದು ಕಡೆ, ಇಟಲಿಯ ಪೀಸಾ ಕಡೆಯವರು ಮತ್ತೊಂದು ಕಡೆ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಹಿತ್ತಲಲ್ಲಿ ದೂರದರ್ಶಕ ಇಟ್ಟುಕೊಂಡ ಹವ್ಯಾಸಿಗಳೂ ಅಳತೆ ಕಳಿಸುತ್ತಾರೆ. ಇಷ್ಟು ಜನ ಸೇರಿ ಗುಟ್ಟು ಮಾಡುವುದು ಆಗದ ಹೋಗದ ಮಾತು. ಹತ್ತು ಮೀಟರಿಗಿಂತ ದೊಡ್ಡ ಕಲ್ಲಿಗೆ ಸಾಧ್ಯತೆ ಶೇ. 1 ದಾಟಿದರೆ ಅಂತರರಾಷ್ಟ್ರೀಯ ಎಚ್ಚರಿಕೆ ಜಾಲ ಜಗತ್ತಿಗೆ ತಿಳಿಸಲೇಬೇಕು ಎಂಬ ನಿಯಮ ಮೊದಲೇ ಇತ್ತು. 2025ರ ಜನವರಿ 29ರಂದು ಹಾಗೇ ತಿಳಿಸಿದರು. ನಿಮ್ಮೂರಿಗೆ ಸುದ್ದಿ ತಲುಪಿದ್ದೇ ಯಾರೂ ಮುಚ್ಚಿಡಲಿಲ್ಲ ಎಂಬ ಕಾರಣಕ್ಕೆ.

ನಮ್ಮ ವೃತ್ತಿಯವರಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳಿವೆ. ಸುಮ್ನೆ ಜನರನ್ನು ಹೆದರಿಸುವ ಬದಲು ಲೆಕ್ಕ ಗಟ್ಟಿಯಾಗುವವರೆಗೆ ಕಾಯಬಾರದೇ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಕಾದಮೇಲೆ ವಿಷಯ ಹೊರಗೆ ಬಂದರೆ ಆ ಅನುಮಾನವನ್ನು ತೊಳೆಯಲು ಆಗುವುದಿಲ್ಲ. ಆದರೆ ಅಂಕಿಯೊಂದನ್ನೇ ಎಸೆದು ಹೋಗುವುದೂ ಸರಿಯಲ್ಲ. ಮುಂದಿನ ಅಳತೆ ಯಾವಾಗ, ಅಂಕಿ ಇನ್ನೂ ಸ್ವಲ್ಪ ಏರಬಹುದು, ಹೆಚ್ಚಾಗಿ ಕೊನೆಗೆ ಸೊನ್ನೆಗೆ ಬೀಳುತ್ತದೆ. ಇಷ್ಟನ್ನೂ ಅದೇ ಉಸಿರಿನಲ್ಲಿ ಹೇಳಬೇಕು. 2025ರಲ್ಲಿ ವಿಜ್ಞಾನಿಗಳು ಇದನ್ನು ಹೇಳಿದ್ದರು. ಅರ್ಧ ನಿಮಿಷದ ಸುದ್ದಿಯಲ್ಲಿ ಆ ಭಾಗವೇ ಕತ್ತರಿಸಿ ಹೋಯಿತು.

ಭಾರತ ಪಟ್ಟಿಯಲ್ಲಿತ್ತು ಎಂಬುದು ನಿಜ. ಒಂದು ವೇಳೆ ಬಡಿದಿದ್ದರೆ ಎಲ್ಲೆಲ್ಲಿ ಬಡಿಯಬಹುದಿತ್ತು ಎಂಬ ಗೆರೆ ಪೆಸಿಫಿಕ್ ಸಾಗರದ ಪೂರ್ವ ಭಾಗದಿಂದ ಶುರುವಾಗಿ ದಕ್ಷಿಣ ಅಮೆರಿಕದ ಉತ್ತರ, ಅಟ್ಲಾಂಟಿಕ್, ಆಫ್ರಿಕಾ, ಅರಬ್ಬಿ ಸಮುದ್ರ ಹಾದು ದಕ್ಷಿಣ ಏಷ್ಯಾದವರೆಗೆ ಇತ್ತು. ಶೇ. 3.1 ಎಂಬುದು ಆ ಇಡೀ ಗೆರೆಗೆ ಸೇರಿದ ಅಂಕಿ. ಅದರಲ್ಲಿ ನಮ್ಮ ಪಾಲು ಒಂದು ಚೂರು. ಆಮೇಲೆ ಅದೇ ಕಲ್ಲು ಚಂದ್ರನಿಗೆ ಬಡಿಯುವ ಸಾಧ್ಯತೆ ಸುಮಾರು ಶೇ. 4 ಎಂದು 2025ರ ಮಧ್ಯದಲ್ಲಿ ಲೆಕ್ಕ ಬಂದಿತ್ತು. ಅದೂ ಇದೇ ತರದ ಅಂಕಿ.

ವಾಟ್ಸಾಪಿನಲ್ಲಿ ತಿಂಗಳಿಗೊಮ್ಮೆ ಬರುವ ‘ಬಸ್ಸಿನಷ್ಟು ದೊಡ್ಡ ಕಲ್ಲು ಭೂಮಿಯತ್ತ’ ಸುದ್ದಿ ಬೇರೆಯೇ ಜಾತಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಭೂಮಿಯ ಕಕ್ಷೆಯ ಆಸುಪಾಸಿಗೆ ಬರುವ ಕ್ಷುದ್ರಗ್ರಹಗಳಲ್ಲಿ ಈಗಾಗಲೇ 40 ಸಾವಿರಕ್ಕೂ ಹೆಚ್ಚು ಗೊತ್ತಾಗಿವೆ. ದಿನ ಬೆಳಗಾದರೆ ಯಾವುದಾದರೂ ಒಂದು ಹಾದುಹೋಗುತ್ತಲೇ ಇರುತ್ತದೆ. ‘ಅಪಾಯಕಾರಿ’ ಎಂಬ ಹಣೆಪಟ್ಟಿಗೂ ಬೇರೆ ಅರ್ಥವಿದೆ. ಸುಮಾರು 140 ಮೀಟರಿಗಿಂತ ದೊಡ್ಡದಿದ್ದು, ಅದರ ದಾರಿ ನಮ್ಮ ದಾರಿಗೆ 75 ಲಕ್ಷ ಕಿ.ಮೀ. ಒಳಗೆ ಬಂದರೆ ಸಾಕು, ಆ ಪಟ್ಟಿಗೆ ಸೇರಿಸುತ್ತಾರೆ. 75 ಲಕ್ಷ ಅಂದರೆ ಚಂದ್ರನ ದೂರದ ಹೆಚ್ಚುಕಡಿಮೆ ಇಪ್ಪತ್ತು ಪಟ್ಟು. ಕಣ್ಣಿಡಬೇಕಾದವು ಯಾವುವು ಎಂದು ನಾವು ಮಾಡಿಕೊಂಡ ಪಟ್ಟಿ ಅದು. ಬಡಿಯುವವುಗಳ ಪಟ್ಟಿ ಅಲ್ಲ.

ಇವೆಲ್ಲ ನಮ್ಮ ಕಡೆ ಯಾಕೆ ಬರುತ್ತವೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮಂಗಳ ಮತ್ತು ಗುರುವಿನ ನಡುವೆ ಲಕ್ಷಗಟ್ಟಲೆ ಕಲ್ಲುಗಳು ಸುತ್ತುತ್ತಿವೆ. ಅವು ಒಂದಕ್ಕೊಂದು ಬಡಿದು ಚೂರಾಗುತ್ತವೆ. ಸಣ್ಣ ಚೂರುಗಳ ಮೇಲೆ ಬಿಸಿಲು ಬಿದ್ದು, ಆ ಕಾವು ಮತ್ತೆ ಹೊರಹೋಗುವಾಗ ಕಲ್ಲಿಗೆ ತೀರಾ ಸಣ್ಣದೊಂದು ನೂಕು ಸಿಗುತ್ತದೆ. ಲಕ್ಷಾಂತರ ವರ್ಷ ಹೀಗೇ ನೂಕಿಸಿಕೊಂಡು ಕೆಲವು ಚೂರುಗಳು ಗುರು, ಶನಿಯ ಸೆಳೆತ ಲಯಬದ್ಧವಾಗಿ ಬೀಳುವ ಜಾಗಕ್ಕೆ ಬರುತ್ತವೆ. ಅಲ್ಲಿಂದ ಅವುಗಳ ಕಕ್ಷೆ ಉದ್ದವಾಗಿ ಒಳಗಿನ ಗ್ರಹಗಳ ಕಡೆ ಚಾಚಿಕೊಳ್ಳುತ್ತದೆ. ಈ ಬಿಸಿಲಿನ ನೂಕಿಗೆ ಯಾರ್ಕೊವ್‌ಸ್ಕಿ ಪರಿಣಾಮ ಎನ್ನುತ್ತಾರೆ. ದಶಕಗಳಾಚೆಗೆ ಲೆಕ್ಕ ಹಾಕುವಾಗ ನಮಗೆ ತಲೆನೋವು ಕೊಡುವುದೂ ಇದೇ.

ಈಗ ಲಿಂಗನಮಕ್ಕಿ. ಆ ಹುಡುಗಿಗೆ ಮೊದಲು ಒಂದು ಮಾತು ಹೇಳಿ. ಶರಾವತಿ ಹರಿಯುವುದು ಪಶ್ಚಿಮಕ್ಕೆ. ಹೊಸನಗರ ಇರುವುದು ಡ್ಯಾಮಿನ ಮೇಲ್ಭಾಗದಲ್ಲಿ, ಹಿನ್ನೀರಿನ ಕಡೆ. ಡ್ಯಾಮಿಗೆ ಏನೇ ಆದರೂ ನೀರು ಗೇರುಸೊಪ್ಪೆ, ಹೊನ್ನಾವರದ ಕಡೆ ಇಳಿಯುತ್ತದೆಯೇ ಹೊರತು ನಿಮ್ಮೂರಿಗೆ ಹತ್ತುವುದಿಲ್ಲ. ಭೂಪಟ ಬಿಡಿಸಿ ತೋರಿಸಿ, ಅರ್ಧ ಭಯ ಅಲ್ಲೇ ಹೋಗುತ್ತದೆ.

ಉಳಿದರ್ಧಕ್ಕೆ ಲೆಕ್ಕ ಮಾಡಿಸಿ. 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾದಲ್ಲಿ ಐವತ್ತು ಅರವತ್ತು ಮೀಟರಿನ ಕಲ್ಲೊಂದು ಆಕಾಶದಲ್ಲೇ ಸಿಡಿದು ಸುಮಾರು 2,000 ಚದರ ಕಿ.ಮೀ. ಕಾಡು ಮಲಗಿತು. ನಮ್ಮ ಶಿವಮೊಗ್ಗ ಜಿಲ್ಲೆಯ ಕಾಲು ಭಾಗ ಅಂದುಕೊಳ್ಳಿ. ವೈಆರ್4 ಕೂಡ ಅದೇ ಗಾತ್ರದ್ದು, ಸುಮಾರು 60 ಮೀಟರ್. ಅಂಥದ್ದು ಇಡೀ ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಕೆಲವು ನೂರು ವರ್ಷಕ್ಕೋ ಸಾವಿರ ವರ್ಷಕ್ಕೋ ಒಮ್ಮೆ ಆಗಬಹುದು. ಭೂಮಿಯ ಮೇಲ್ಮೈ 51 ಕೋಟಿ ಚದರ ಕಿ.ಮೀ. ಜಿಲ್ಲೆ ಸುಮಾರು 8,500. ಭಾಗಿಸಿದರೆ 60 ಸಾವಿರಕ್ಕೆ ಒಂದು. ಅಂದರೆ ನಮ್ಮ ಜಿಲ್ಲೆಯ ಮೇಲೇ ಬೀಳಲು ಕೋಟಿಗಟ್ಟಲೆ ವರ್ಷ ಕಾಯಬೇಕು. ಅದೇ ಸಿಡಿಲು ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮರದ ಕೆಳಗೆ ನಿಲ್ಲಬೇಡಿ ಎಂದು ಹೇಳಿಕೊಟ್ಟರೆ ಹೆಚ್ಚು ಉಪಯೋಗ.

ಹಾಗಂತ ಏನೂ ಆಗುವುದೇ ಇಲ್ಲ ಎಂದು ಹೇಳಬೇಡಿ. ಅದು ಸುಳ್ಳಾಗುತ್ತದೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರಿನ ಕಲ್ಲು ಸಿಡಿಯಿತು. ಅದು ಸೂರ್ಯನ ದಿಕ್ಕಿನಿಂದ ಬಂದಿತ್ತು, ಯಾವ ದೂರದರ್ಶಕಕ್ಕೂ ಕಾಣಲಿಲ್ಲ. ಸುಮಾರು 1,500 ಜನರಿಗೆ ಗಾಯವಾಯಿತು. ಹೆಚ್ಚಿನವರಿಗೆ ಗಾಯ ಮಾಡಿದ್ದು ಕಿಟಕಿ ಗಾಜು. ಮೊದಲು ಕಣ್ಣು ಕೋರೈಸುವ ಬೆಳಕು ಬಂತು. ಏನದು ಎಂದು ನೋಡಲು ಜನ ಕಿಟಕಿಗೆ ಓಡಿದರು. ಸಿಡಿದ ಅಲೆ ಬಂದದ್ದು ಎರಡು ನಿಮಿಷ ಕಳೆದ ಮೇಲೆ. ಮಕ್ಕಳಿಗೆ ಕಲಿಸಬೇಕಾದ ಒಂದೇ ಒಂದು ಸುರಕ್ಷತೆಯ ಪಾಠ ಇದು. ಆಕಾಶದಲ್ಲಿ ಸೂರ್ಯನಂಥ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿದು ಬೆಂಚಿನ ಕೆಳಗೆ ಕೂರಬೇಕು. ಹೆಂಚಿನ ಛಾವಣಿಯ ಕೊಠಡಿಯಲ್ಲಿ ಇದು ಇನ್ನೂ ಮುಖ್ಯ.

ನಿಜವಾಗಿಯೂ ದೊಡ್ಡದೊಂದು ಬರುತ್ತಿದೆ ಎಂದಾದರೆ? ಒಂದು ಕಿ.ಮೀ.ಗಿಂತ ದೊಡ್ಡವುಗಳಲ್ಲಿ ಶೇ. 95ಕ್ಕೂ ಹೆಚ್ಚು ಈಗಾಗಲೇ ಸಿಕ್ಕಿವೆ. ಮುಂದಿನ ನೂರು ವರ್ಷದಲ್ಲಿ ಅವುಗಳಲ್ಲಿ ಯಾವುದರಿಂದಲೂ ಗಂಭೀರ ಅಪಾಯ ಕಾಣುತ್ತಿಲ್ಲ. ತಲೆಬಿಸಿ ಇರುವುದು 140 ಮೀಟರ್ ಆಸುಪಾಸಿನವುಗಳದ್ದು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಸಿಕ್ಕಿಲ್ಲ. ಕಲ್ಲನ್ನು ದಾರಿ ತಪ್ಪಿಸಬಹುದು ಎಂದು ಒಮ್ಮೆ ಮಾಡಿ ತೋರಿಸಿದ್ದಾಗಿದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ 160 ಮೀಟರಿನ ಡೈಮಾರ್ಫಾಸ್‌ಗೆ ಬೇಕೆಂದೇ ಡಿಕ್ಕಿ ಹೊಡೆಯಿತು. ಅದು ತನ್ನ ದೊಡ್ಡ ಜೊತೆಗಾರನನ್ನು 11 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತಿತ್ತು. ಡಿಕ್ಕಿಯ ನಂತರ ಆ ಸುತ್ತಿನ ಸಮಯ ಅರ್ಧ ಗಂಟೆಗೂ ಹೆಚ್ಚು ಇಳಿಯಿತು. ಅಲ್ಲಿ ಏನಾಗಿದೆ ಎಂದು ಹತ್ತಿರದಿಂದ ನೋಡಲು ಯುರೋಪಿನ ಹೆರಾ ನೌಕೆ 2024ರ ಅಕ್ಟೋಬರಿನಲ್ಲಿ ಹೊರಟಿದೆ.

ಆದರೆ ಈ ದಾರಿಯಲ್ಲೂ ತೊಡಕಿದೆ, ಜನ ಇದನ್ನು ಅಷ್ಟಾಗಿ ಮಾತಾಡುವುದಿಲ್ಲ. ನೂಕಿದ್ದು ಸಾಲದಿದ್ದರೆ ಕಲ್ಲು ಬೀಳುವ ಜಾಗ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸರಿಯುತ್ತದೆ. ಭಾರತದಿಂದ ತಪ್ಪಿಸಲು ಹೋಗಿ ಆಫ್ರಿಕಾಕ್ಕೆ ತಂದಿಟ್ಟರೆ ಯಾರು ಒಪ್ಪುತ್ತಾರೆ? ಗಾತ್ರ ಸಣ್ಣದಿದ್ದು ಸಮಯ ಕಡಿಮೆ ಇದ್ದರೆ ಅಲ್ಲಿನ ಜನರನ್ನು ಬೇರೆಡೆ ಕಳಿಸುವುದೇ ವಾಸಿ, ಅದಕ್ಕೆ ರಾಕೆಟ್ ಬೇಡ, ಬಸ್ಸು ಬೇಕು. ಪರಮಾಣು ಸ್ಫೋಟದ ಮಾತೂ ಇದೆ. ದೊಡ್ಡ ಕಲ್ಲು ಮತ್ತು ಕಡಿಮೆ ಸಮಯ ಎರಡೂ ಒಟ್ಟಿಗೆ ಬಂದರೆ ಮಾತ್ರ ಅದು, ಮತ್ತು ಕಲ್ಲು ನಾಲ್ಕು ಚೂರಾಗಿ ನಾಲ್ಕೂ ಭೂಮಿಗೇ ಬಂದರೆ ಎಂಬ ಭಯ ಅದರ ಬೆನ್ನಿಗೇ ಇದೆ.

ತೋಟದ ಕರಿ ಕಲ್ಲು. ಮಲೆನಾಡಿನಿಂದ ನನಗೆ ಬರುವ ಕಲ್ಲಿನ ಫೋಟೊಗಳಲ್ಲಿ ಹೆಚ್ಚಿನವು ಎರಡೇ ತರ. ಒಂದು, ಕಬ್ಬಿಣದ ಅಂಶ ಜಾಸ್ತಿ ಇರುವ ಜಂಬಿಟ್ಟಿಗೆ ಉಂಡೆ. ಇನ್ನೊಂದು, ಹಿಂದಿನ ಕಾಲದಲ್ಲಿ ಕಬ್ಬಿಣ ಕರಗಿಸುತ್ತಿದ್ದ ಜಾಗದಲ್ಲಿ ಉಳಿದ ಕಿಟ್ಟ. ಎರಡೂ ಕೈಗೆ ಭಾರ, ಎರಡೂ ಕರಿ. ಕೆಲವು ಸಲ ಅಯಸ್ಕಾಂತಕ್ಕೂ ಅಂಟುತ್ತವೆ. ಟೈಲ್ಸ್ ತುಂಡಿನ ಹಿಂಬದಿ ಒರಟು ಇರುತ್ತದಲ್ಲ, ಅದರ ಮೇಲೆ ಗೀಚಿಸಿ. ಕೆಂಪು ಗೆರೆ ಬಂದರೆ ಅದು ನಮ್ಮ ನೆಲದ ಕಬ್ಬಿಣದ ಕಲ್ಲು. ಮೈಯಲ್ಲಿ ಗುಳ್ಳೆ ಒಡೆದಂಥ ತೂತುಗಳಿದ್ದರೆ ಹೆಚ್ಚಾಗಿ ಕಿಟ್ಟ. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ತೆಳುವಾದ ಕಪ್ಪು ಸಿಪ್ಪೆ ಇರುತ್ತದೆ, ಒಳಗೆ ಬೂದು ಬಣ್ಣ, ಗುಳ್ಳೆ ತೂತು ಇರುವುದಿಲ್ಲ. ಹುಡುಗನ ಕಲ್ಲು ಎಲ್ಲದರಲ್ಲೂ ಪಾಸಾದರೆ ಒಡೆಯಬೇಡಿ, ತೊಳೆಯಬೇಡಿ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ್ದು. ಅವರಿಗೆ ಬರೆಯಿರಿ. ಕಿಟ್ಟ ಎಂದು ಗೊತ್ತಾದರೂ ಎಸೆಯಬೇಡಿ, ಆ ತೋಟದಲ್ಲಿ ಯಾರು ಯಾವಾಗ ಕಬ್ಬಿಣ ಕರಗಿಸಿದರು ಎಂಬುದು ಸಮಾಜ ಪಾಠದ ಮೇಷ್ಟರಿಗೆ ಒಳ್ಳೇ ವಸ್ತು.

ಶಾಲೆಯಲ್ಲಿ ಏನು ಮಾಡಿಸಬಹುದು ಎಂದು ಕೇಳಿದ್ದೀರಿ. ಜೂನ್ 30ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಕ್ಷುದ್ರಗ್ರಹ ದಿನ ಎಂದು ಘೋಷಿಸಿದೆ, ತುಂಗುಸ್ಕಾ ನೆನಪಿಗೆ. ಆದರೆ ಮಲೆನಾಡಿನಲ್ಲಿ ಅದು ಆರಿದ್ರಾ ಮಳೆ ಹೊಡೆಯುವ ಹೊತ್ತು. ಆಕಾಶ ನೋಡುವ ಮಾತೇ ಇಲ್ಲ. ಅವತ್ತು ಒಳಗೆ ಕೂತು ಈ ಹಸುವಿನ ಲೆಕ್ಕ, ಜಿಲ್ಲೆಯ ಲೆಕ್ಕ ಮಾಡಿಸಿ.

ಹೊರಗೆ ಬರಲು ದೀಪಾವಳಿಯಿಂದ ಶಿವರಾತ್ರಿವರೆಗೆ ಒಳ್ಳೇ ಕಾಲ. ನನ್ನನ್ನು ಕೇಳಿದರೆ ಡಿಸೆಂಬರ್ 13ರ ರಾತ್ರಿಯೇ ಸಾಕು. ಆ ಹೊತ್ತಿಗೆ ಮಿಥುನ ರಾಶಿಯ ಕಡೆಯಿಂದ ಜೆಮಿನಿಡ್ಸ್ ಉಲ್ಕಾವೃಷ್ಟಿ ಬರುತ್ತದೆ. ಉಳಿದ ಉಲ್ಕಾವೃಷ್ಟಿಗಳಲ್ಲಿ ಹೆಚ್ಚಿನವು ಧೂಮಕೇತುಗಳ ದೂಳು. ಇದು ಮಾತ್ರ ಫೀಥಾನ್ ಎಂಬ ಕ್ಷುದ್ರಗ್ರಹದಿಂದ ಬಂದದ್ದು. ಫೀಥಾನ್ ಭೂಮಿಯ ಹತ್ತಿರ ಬರುವ ಜಾತಿಯದ್ದೇ, ಐದಾರು ಕಿ.ಮೀ. ದೊಡ್ಡದು, ಆ ‘ಅಪಾಯಕಾರಿ’ ಪಟ್ಟಿಯಲ್ಲೂ ಇದೆ. ಅದರ ಚೂರುಗಳು ಉರಿಯುವುದನ್ನು ಮಕ್ಕಳು ಚಾಪೆ ಮೇಲೆ ಮಲಗಿ ಬರಿಗಣ್ಣಿನಲ್ಲಿ ನೋಡಬಹುದು. ಒಂದು ಪೈಸೆ ಖರ್ಚಿಲ್ಲ. ಬೆಳದಿಂಗಳು ಇದೆಯಾ ಎಂದು ಮೊದಲೇ ನೋಡಿಕೊಳ್ಳಿ, ಕಂಬಳಿ ತರಲು ಹೇಳಿ.

ದೂರದರ್ಶಕ ಕೊಳ್ಳುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಆರಿಂಚಿನ ದೂರದರ್ಶಕದಲ್ಲಿ ವೆಸ್ಟಾದಂಥ ದೊಡ್ಡ ಕ್ಷುದ್ರಗ್ರಹ ಕಾಣುತ್ತದೆ, ನಿಜ. ಆದರೆ ಕಾಣುವುದು ಒಂದು ಚುಕ್ಕಿ. ನಕ್ಷತ್ರಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಾಗಲು ಎರಡು ರಾತ್ರಿ ಬಿಡದೆ ಚಿತ್ರ ಬರೆದುಕೊಳ್ಳಬೇಕು. ಮಕ್ಕಳಿಗೆ ಬೇಜಾರಾಗುತ್ತದೆ. ನಮ್ಮ ಕಡೆ ಮಧ್ಯರಾತ್ರಿ ಕಳೆದರೆ ಕನ್ನಡಿ ಮೇಲೆ ಇಬ್ಬನಿ ಕೂರುವ ಕಾಟ ಬೇರೆ.

ಕಂಪ್ಯೂಟರ್ ಮತ್ತು ಇಂಟರ್ನೆಟ್ ಇದ್ದರೆ ಇನ್ನೊಂದು ದಾರಿ ಇದೆ. ಇಂಟರ್‌ನ್ಯಾಷನಲ್ ಆಸ್ಟ್ರೊನಾಮಿಕಲ್ ಸರ್ಚ್ ಕೊಲಾಬರೇಷನ್ ಎಂಬ ಕಾರ್ಯಕ್ರಮ ಶಾಲಾ ಮಕ್ಕಳ ತಂಡಗಳಿಗೆ ಹವಾಯಿಯ ದೂರದರ್ಶಕದ ನಿಜವಾದ ಚಿತ್ರಗಳನ್ನು ಉಚಿತವಾಗಿ ಕಳಿಸುತ್ತದೆ. ನಾನು ಮೇಲೆ ಹೇಳಿದ ನಾಲ್ಕು ಚಿತ್ರದ ಕೆಲಸವನ್ನು ಮಕ್ಕಳೇ ಆಸ್ಟ್ರೊಮೆಟ್ರಿಕಾ ಎಂಬ ತಂತ್ರಾಂಶದಲ್ಲಿ ಮಾಡುತ್ತಾರೆ. ಅಳತೆ ಸರಿ ಇದ್ದರೆ ಮೈನರ್ ಪ್ಲಾನೆಟ್ ಸೆಂಟರ್‌ವರೆಗೂ ಹೋಗುತ್ತದೆ. ಇದರಲ್ಲಿ ಒಂದೇ ಅಪಾಯ, ಪತ್ರಿಕೆಯಲ್ಲಿ ‘ಮಲೆನಾಡಿನ ಬಾಲಕಿಯಿಂದ ಹೊಸ ಗ್ರಹ ಪತ್ತೆ’ ಎಂದು ಬರುವುದು. ಮಕ್ಕಳಿಗೆ ಸಿಗುವ ಪ್ರಮಾಣಪತ್ರ ಪ್ರಾಥಮಿಕ ಗುರುತಿಸುವಿಕೆಗೆ. ಅದು ಖಚಿತವಾಗಿ, ಸಂಖ್ಯೆ ಸಿಕ್ಕಿ, ಹೆಸರಿಡುವ ಹಕ್ಕು ಬರಲು ವರ್ಷಗಳೇ ಬೇಕು. ಇದನ್ನು ಮಕ್ಕಳಿಗೂ ಪತ್ರಕರ್ತರಿಗೂ ಮೊದಲೇ ಹೇಳಿಬಿಡಿ. ದೊಡ್ಡ ಕನಸು ಬೇಕಿದ್ದರೆ ನಿಜವಾದ ಕಥೆಗಳೇ ಇವೆ. 1988ರ ಫೆಬ್ರವರಿ 17ರಂದು ತಮಿಳುನಾಡಿನ ಕಾವಲೂರಿನಲ್ಲಿ ಆರ್. ರಾಜಮೋಹನ್ ಅವರು 48 ಸೆಂ.ಮೀ. ದೂರದರ್ಶಕದಿಂದ ಪತ್ತೆ ಮಾಡಿದ ಕ್ಷುದ್ರಗ್ರಹಕ್ಕೆ ಈಗ ರಾಮಾನುಜನ್ ಎಂದು ಹೆಸರು. 2020ರ ಆಗಸ್ಟಿನಲ್ಲಿ ಐಐಟಿ ಬಾಂಬೆಯ ವಿದ್ಯಾರ್ಥಿಗಳು ಅಮೆರಿಕದ ದೂರದರ್ಶಕವೊಂದರ ಮಾಹಿತಿ ಜಾಲಾಡಿ, ಭೂಮಿಯಿಂದ 2,950 ಕಿ.ಮೀ. ಎತ್ತರದಲ್ಲಿ ಹಾದುಹೋದ ಪುಟ್ಟ ಕಲ್ಲೊಂದನ್ನು ಕಂಡುಹಿಡಿದರು. ಕಂಡದ್ದು ಅದು ದಾಟಿದ ಮೇಲೆ. ಆ ವಿವರವನ್ನೂ ಬಿಡದೆ ಹೇಳಿ.

ಕೊನೆಗೆ ಅಪೋಫಿಸ್. ಇದು ಬಡಿಯುವುದಿಲ್ಲ. 2021ರ ಮಾರ್ಚಿನಲ್ಲಿ ರೇಡಾರ್‌ನಿಂದ ಅಳೆದ ಮೇಲೆ ಮುಂದಿನ ನೂರು ವರ್ಷದವರೆಗೂ ಡಿಕ್ಕಿ ಇಲ್ಲ ಎಂದು ಗಟ್ಟಿಯಾಗಿದೆ. ರೇಡಾರ್ ದೂರವನ್ನೇ ನೇರವಾಗಿ ಅಳೆಯುತ್ತದೆ. ಬರೀ ಫೋಟೊಗಳಿಂದ ತಿಂಗಳುಗಟ್ಟಲೆ ತೆಗೆಯಬೇಕಾದ ಲೆಕ್ಕ ಅದರಲ್ಲಿ ಬೇಗ ಬಿಗಿಯಾಗುತ್ತದೆ. ಸುಮಾರು 350 ಮೀಟರಿನ ಈ ಕಲ್ಲು ನಮ್ಮ ನೆಲದಿಂದ 32 ಸಾವಿರ ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಟಿವಿ ಉಪಗ್ರಹಗಳು ಇರುವುದು ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ. ಅವುಗಳಿಗಿಂತ ಒಳಗೆ! ಇಷ್ಟು ದೊಡ್ಡದು ಇಷ್ಟು ಹತ್ತಿರ ಬರುತ್ತದೆ ಎಂದು ಮೊದಲೇ ಗೊತ್ತಿದ್ದು ಕಾಯುವುದು ಇದೇ ಮೊದಲು.

ಅದು ಅತಿ ಹತ್ತಿರ ಬರುವುದು ನಮ್ಮ ಸಮಯದಲ್ಲಿ 2029ರ ಏಪ್ರಿಲ್ 14ರ ಬೆಳಗಿನ ಜಾವ ಮೂರೂಕಾಲರ ಹೊತ್ತಿಗೆ. ಜಗತ್ತಿನ ಹೆಚ್ಚಿನ ಕಡೆ ಆಗಿನ್ನೂ 13, ಶುಕ್ರವಾರ. ಜೊತೆಗೆ ಅದು ಅಮಾವಾಸ್ಯೆ ರಾತ್ರಿ. ಶುಕ್ರವಾರ, ಹದಿಮೂರು, ಅಮಾವಾಸ್ಯೆ ಮೂರೂ ಒಟ್ಟಿಗೆ ಸಿಕ್ಕರೆ ಕೆಲವು ಟಿವಿ ಜ್ಯೋತಿಷಿಗಳಿಗೆ ಹಬ್ಬ. ನೀವು ಈಗಲೇ ಶುರು ಮಾಡಿ. ಅಮಾವಾಸ್ಯೆ ಆಗಿರುವುದು ನಮ್ಮ ಪುಣ್ಯ ಅಂತ ಹೇಳಿ, ಕತ್ತಲಿದ್ದರೆ ಮಂಕು ಚುಕ್ಕಿ ಚೆನ್ನಾಗಿ ಕಾಣುತ್ತದೆ.

ಆಸ್ಟ್ರೇಲಿಯಾ ಕಡೆಯಿಂದ ಹಿಂದೂ ಮಹಾಸಾಗರದ ಮೇಲೆ ಪಶ್ಚಿಮಕ್ಕೆ ಹೋಗಿ, ಆಫ್ರಿಕಾ ದಾಟಿ, ಅಟ್ಲಾಂಟಿಕ್ ಮೇಲೆ ಅದು ಅತಿ ಹತ್ತಿರ ಬರುತ್ತದೆ. ತುಂಬಾ ಚೆನ್ನಾಗಿ ಕಾಣುವುದು ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾದವರಿಗೆ. ಅದರ ಹೊಳಪು ಹೆಚ್ಚೆಂದರೆ ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳಲ್ಲಿ ಮಂಕಾದ ಅತ್ರಿಯಷ್ಟು. ನಮ್ಮಲ್ಲಿ ಬೈನಾಕ್ಯುಲರ್ ಇಟ್ಟುಕೊಂಡು, ದೀಪ ಆರಿಸಿ, ಗುಡ್ಡ ಅಡ್ಡ ಬರದ ಬಯಲು ಹುಡುಕಿ ಕೂರುವುದು ಒಳ್ಳೇದು. ಏಪ್ರಿಲ್ ಮಧ್ಯ ಅಂದರೆ ಸಂಜೆ ಗುಡುಗು ಮಳೆ ಬಂದು ರಾತ್ರಿಯೆಲ್ಲ ಮೋಡ ಕಟ್ಟುವ ಕಾಲ ಅಲ್ವಾ? ಹಾಗಾದರೆ ಬೇರೆ ದೇಶದ ದೂರದರ್ಶಕಗಳ ನೇರಪ್ರಸಾರ ನೋಡಬಹುದು. ಮಳೆ ಬಂದ ರಾತ್ರಿ ನಿಮ್ಮಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಎಂದು ನಿಮಗೇ ಗೊತ್ತು. ಶಾಲೆಯ ಪ್ರೊಜೆಕ್ಟರಿಗೆ ಯುಪಿಎಸ್ ಹಾಕಿಸಲು ಎಸ್‌ಡಿಎಂಸಿ ಸಭೆಯಲ್ಲಿ ಈಗಿನಿಂದಲೇ ಕೇಳಿಡಿ.